ಅವ್ವನ ಮೊದಲ ಪಂಕ್ತಿ

ಶಿಸ್ತಿನ ಮನುಷ್ಯರಿಗೆ ಒಂದು ಭ್ರಮೆ ಇರುತ್ತದೆ. ಮನೆಯಲ್ಲಿ ನಡೆಯುವುದೆಲ್ಲ ತಮ್ಮ ಕಣ್ಣಿಗೆ ಬೀಳುತ್ತದೆ ಎಂದು ಅವರು ನಂಬಿರುತ್ತಾರೆ. ನಾನೂ ನಂಬಿದ್ದೆ. ಐದಕ್ಕೆ ಏಳುವುದು, ಆರಕ್ಕೆ ಸ್ನಾನ, ಏಳರೊಳಗೆ ಲಿಂಗಪೂಜೆ, ಒಂಬತ್ತೂವರೆಗೆ ಊಟ, ಹತ್ತಕ್ಕೆ ಐದು ನಿಮಿಷ ಇರುವಾಗ ಜೇವರ್ಗಿಯ ಶಾಲೆಯ ಬಾಗಿಲಲ್ಲಿ ನಿಂತು ತಡವಾಗಿ ಬರುವವರ ಮುಖ ನೋಡುವುದು. ಕಲಬುರ್ಗಿಯಲ್ಲಿ ನಾನು ಓದುವಾಗ ನಮ್ಮ ದೊಡ್ಡ ಮಾಸ್ತರರು ಘಂಟೆಯ ಸದ್ದು ನಿಲ್ಲುವುದರೊಳಗೆ ಗೇಟು ಹಾಕಿಸುತ್ತಿದ್ದರು. ಒಮ್ಮೆ ತಾವೇ ತಡವಾಗಿ ಬಂದು, ಹಾಕಿದ ಗೇಟಿನ ಹೊರಗೆ ಬಿಸಿಲಿನಲ್ಲಿ ನಿಂತು, ಆ ದಿನದ ಮೊದಲ ಪಾಠ ಮುಗಿದ ಮೇಲೇ ಒಳಗೆ ಬಂದವರು. ಅವರ ಕೈಯಲ್ಲಿ ಪಳಗಿದವನು ನಾನು. ಇಷ್ಟಾದರೂ ಐವತ್ತೊಂದು ವರ್ಷ ತುಂಬುವವರೆಗೆ ಒಂದು ಸಂಗತಿ ನನ್ನ ಗಮನಕ್ಕೆ ಬಂದಿರಲಿಲ್ಲ. ನನ್ನ ತಾಯಿ ಉಣ್ಣುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಗಮನಕ್ಕೆ ಬಂದದ್ದೂ ಜ್ವರದ ದೆಸೆಯಿಂದ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮುಂಚಿನ ಮಾತು. ನಾಲ್ಕು ದಿನ ಪಡಸಾಲೆಯಲ್ಲಿ ಕಂಬಳಿ ಹೊದ್ದು ಮಲಗಿದ್ದೆ. ಮಲಗಿದವನಿಗೆ ಮಾಡಲು ಬೇರೆ ಕೆಲಸವಿಲ್ಲ. ಮನೆಯವರ ವೇಳೆ ನೋಡುತ್ತಿದ್ದೆ. ಮಕ್ಕಳು ಉಂಡರು, ಹೊಲದಿಂದ ಬಂದ ಆಳುಗಳು ಉಂಡರು, ಉಪ್ಪು ಕಡ ಕೇಳಲು ಬಂದ ನೆರೆಮನೆಯ ಮುದುಕಿಯೂ ಒಂದು ರೊಟ್ಟಿ ತಿಂದು ಹೋದಳು. ಒಂದು ಗಂಟೆಗೆ, ಅವ್ವಾ ನಿನ್ನ ಊಟ ಆಯಿತೇ ಎಂದು ಕೇಳಿದೆ. ಆಗುತ್ತದೆ ಬಿಡು ಎಂದಳು. ಎರಡಕ್ಕೆ ಕೇಳಿದಾಗಲೂ ಅದೇ ಉತ್ತರ. ಎರಡೂವರೆಗೆ ಹೆಂಗಸರೆಲ್ಲ ಅಡುಗೆಮನೆ ಸೇರಿ ಬಾಗಿಲು ಮುಂದೆ ಮಾಡಿಕೊಂಡರು. ಎಪ್ಪತ್ತು ದಾಟಿದ ಮುದುಕಿ ಎಲ್ಲರೂ ಉಂಡು ಬಿಟ್ಟಿದ್ದನ್ನು ಕತ್ತಲೆ ಕೋಣೆಯಲ್ಲಿ ಕುಳಿತು ಉಣ್ಣುವುದೇ ಎಂದು ಕಂಬಳಿಯೊಳಗೇ ನನಗೆ ದುಃಖ ಬಂತು. ಜ್ವರವಿದ್ದಾಗ ದುಃಖ ಬೇಗ ಬರುತ್ತದೆ. ಜನ್ಮದಲ್ಲಿ ಒಮ್ಮೆಯಾದರೂ ಅವಳನ್ನು ಎಲ್ಲರಿಗಿಂತ ಮೊದಲು ಉಣಿಸಲೇಬೇಕು ಎಂದು ಅಲ್ಲೇ ನಿಶ್ಚಯಿಸಿದೆ. ಜ್ವರ ಇಳಿಯಿತು, ನಿಶ್ಚಯ ಇಳಿಯಲಿಲ್ಲ.

ಅದಕ್ಕೊಂದು ನೆಪ ಬೇಕಲ್ಲ? ಹಬ್ಬಹುಣ್ಣಿಮೆಗೆ ಅವಳನ್ನು ಒಲೆ ಬಿಡಿಸಿ ಎಬ್ಬಿಸುವುದು ಯಾರಿಂದಲೂ ಆಗುವ ಮಾತಲ್ಲ. ಆಗ ಶಾಲೆಯಲ್ಲಿ ವರ್ಷಕ್ಕೊಮ್ಮೆ ಸರ್ಕಾರದವರ, ಅಂದರೆ ನಮ್ಮನ್ನಾಳುವ ದೊರೆಯ, ಸಾಲಗಿರಾ ನಡೆಸುತ್ತಿದ್ದೆವು. ಅವರು ಹುಟ್ಟಿದ ದಿನವೆಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ದೀರ್ಘಾಯುಷ್ಯ ಕೋರಿ, ಒಬ್ಬೊಬ್ಬರ ಅಂಗೈಗೆ ಒಂದೊಂದು ಪೇಡೆ ಇಡುವುದು. ಅವರನ್ನು ನಾನು ಕಂಡವನಲ್ಲ, ಅವರಂತೂ ನನ್ನನ್ನು ಕಂಡಿರುವ ಸಂಭವವೇ ಇಲ್ಲ. ಕಾಣದವರ ಹುಟ್ಟಿದ ದಿನವನ್ನು ಇಷ್ಟು ಕಟ್ಟುನಿಟ್ಟಾಗಿ ಮಾಡುವವನು ಹೆತ್ತವಳದನ್ನು ಯಾಕೆ ಮಾಡಬಾರದು? ನಮ್ಮ ಕಡೆ ಮುದುಕರ ಹುಟ್ಟಿದ ದಿನ ಮಾಡುವ ಪದ್ಧತಿ ಇಲ್ಲವೆಂಬುದು ನಿಜ. ಇಲ್ಲದ ಪದ್ಧತಿಯಲ್ಲಿ ತಪ್ಪು ಹಿಡಿಯುವವರೂ ಇರುವುದಿಲ್ಲ ಎಂದು ಧೈರ್ಯ ತಂದುಕೊಂಡೆ.

ಮಾಡುವುದು ಖರೆ, ಯಾವತ್ತು? ಅವ್ವನನ್ನೇ ಕೇಳಿದೆ. ತವರಿನಲ್ಲಿ ಊರ ಅಗಸಿಬಾಗಿಲ ಮುಂದಿನ ಬಾವಿ ಕುಸಿದ ವರ್ಷ, ಸೀತನಿ ತಿನ್ನುವ ದಿನಗಳಲ್ಲಿ ಎಂದಳು. ಹಾಲುಗಾಳಿನ ಜೋಳದ ತೆನೆ ಸುಟ್ಟು ತಿನ್ನುವ ಕಾಲ ತಿಂಗಳೊಪ್ಪತ್ತು ಇರುತ್ತದೆ. ಅದರಲ್ಲಿ ಯಾವ ದಿನವೆಂದು ಹಿಡಿಯುವುದು? ಆ ವಾರ ಸಂತೆಗೆ ಬಂದಿದ್ದ ಚೌಡಾಪುರದ ಬಸಣ್ಣ ಮಾವನನ್ನು, ಅಂದರೆ ಅವ್ವನ ತಮ್ಮನನ್ನು, ವಿಚಾರಿಸಿದೆ. ಸೀತನಿ ಅಲ್ಲವೇ ಅಲ್ಲ, ತೊಗರಿ ಹೂವಾಡುವಾಗ ಎಂದು ಅವನು ಪಟ್ಟು ಹಿಡಿದ. ಮಾವಾ, ಆಗ ನೀನಿನ್ನೂ ಹುಟ್ಟಿರಲಿಲ್ಲ ಎಂದು ನೆನಪು ಮಾಡಿಕೊಟ್ಟೆ.

"ಹುಟ್ಟಿರಲಿಲ್ಲ ಖರೆ" ಎಂದ ಅವನು. "ಆದ್ರ ನಮ್ಮ ಮನ್ಯಾಗ ಆದ ಹಕೀಕತ್ ನನಗ ಗೊತ್ತಿರಲಾರದ, ನಿನಗ ಗೊತ್ತಿರ್ತದೇನು?"

ಕೊನೆಗೆ ಸೀತನಿಗೂ ತೊಗರಿಗೂ ನಡುವೆ ಬರುವ ಒಂದು ಶುಕ್ರವಾರವನ್ನು ನಾನೇ ಹುಟ್ಟಿದ ದಿನವೆಂದು ಗೊತ್ತುಮಾಡಿದೆ. ಆಗ ಆ ಸರ್ಕಾರದ ಶಾಲೆಗಳಿಗೆ ಶುಕ್ರವಾರವೇ ವಾರದ ರಜೆ. ವಯಸ್ಸನ್ನೂ ಹಾಗೆಯೇ ಕೂಡಿ ಕಳೆದು ಎಪ್ಪತ್ತೈದಕ್ಕೆ ನಿಲ್ಲಿಸಿದೆ. ಅವ್ವನಿಗೆ ಇದು ಸ್ವಲ್ಪವೂ ಸೇರಲಿಲ್ಲ. "ಎಣಿಸಲಾರದಕ್ಕ ಇಷ್ಟ ದಿವಸ ಉಳದೀನಿ ತಮ್ಮಾ. ಎಣಿಸಿ ದೇವರಿಗಿ ನೆನಪ ಮಾಡಿಕೊಡಬ್ಯಾಡ" ಎಂದಳು.

ಆಳಂದದಲ್ಲಿದ್ದ ತಂಗಿ ನೀಲವ್ವನಿಗೆ, ಚೌಡಾಪುರದ ಮಾವನಿಗೆ, ಅಫಜಲಪುರದ ಬೀಗರಿಗೆ ಕಾರ್ಡು ಬರೆದೆ. ಹುಟ್ಟಿದ ದಿನದ ಊಟವಿದೆ, ಹನ್ನೊಂದರೊಳಗೆ ಬರಬೇಕು ಎಂದಷ್ಟೇ ಬರೆದಿದ್ದೆ. ಯಾರದೆಂದು ಬರೆಯುವುದು ಬಿಟ್ಟುಹೋಗಿತ್ತು. ವೇಳೆ ಬರೆಯುವುದು ಮಾತ್ರ ನಾನೆಂದೂ ಮರೆಯುವುದಿಲ್ಲ. ಆದ್ದರಿಂದ ಅಫಜಲಪುರದ ಬೀಗರು ಭೀಮೆ ದಾಟಿ ಬರುವಾಗ ಕೂಸಿನ ತಲೆಗೆ ಒಂದು ರೇಶ್ಮೆ ಕುಂಚಿಗೆಯನ್ನೂ ಸೊಂಟಕ್ಕೆ ಬೆಳ್ಳಿಯ ಉಡಿದಾರವನ್ನೂ ತಂದರು. ಬಂದವರೇ ತೊಟ್ಟಿಲು ಎಲ್ಲಿ ಎಂದು ಕೇಳಿದರು. ಅವ್ವ ಆ ಕುಂಚಿಗೆಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿ, ಕಿವಿಯ ಹತ್ತಿರ ಸ್ವಲ್ಪ ಬಿಗಿಯಾಗಬಹುದು ಎಂದಳು. ಆ ದಿನ ಅವಳು ನನ್ನೆದುರಿಗೆ ನಕ್ಕದ್ದು ಅದೊಂದೇ ಸಲ.

ಏರ್ಪಾಡಿನ ವಿಷಯದಲ್ಲಿ ನನ್ನನ್ನು ನಾನೇ ಹೊಗಳಿಕೊಂಡರೆ ತಪ್ಪಾಗಲಾರದು. ದುಂಡಗಿನ ಅಕ್ಷರದಲ್ಲಿ ವೇಳಾಪಟ್ಟಿ ಬರೆದು ಪಡಸಾಲೆಯ ಕಂಬಕ್ಕೆ ಅಂಟಿಸಿದ್ದೆ. ಶಾಲೆಯ ಘಂಟೆಯನ್ನು ರಜೆಯ ದಿನಕ್ಕೆಂದು ಮನೆಗೆ ತಂದು ತೊಲೆಗೆ ಕಟ್ಟಿದ್ದೆ. ಅಯ್ಯನವರ ಪಾದಪೂಜೆ, ಪ್ರಸಾದ ಬೆಳಿಗ್ಗೆ ಎಂಟರೊಳಗೆ ಮುಗಿದು ಅವರು ಮಠಕ್ಕೆ ಹೊರಟುಹೋಗಿದ್ದರು. ಹನ್ನೊಂದೂವರೆಗೆ ಘಂಟೆ ಹೊಡೆದೆ. ನಲವತ್ತು ಮಂದಿ ಗಂಡಸರು, ಮಕ್ಕಳು ಪತ್ರಾವಳಿಯ ಮುಂದೆ ಸಾಲಾಗಿ ಕುಳಿತರು. ನಡುವೆ ಮಣೆಯ ಮೇಲೆ ಹೊಸ ಇಳಕಲ್ ಸೀರೆ ಉಟ್ಟ ಅವ್ವ. ಅವಳ ಮುಂದೆ ಗಂಗಾಳದಲ್ಲಿ ಗೋಧಿ ಹುಗ್ಗಿ, ಹುಗ್ಗಿಯ ಮೇಲೆ ತುಪ್ಪ. ನಾನು ಎದ್ದು ನಿಂತು, ಇವತ್ತು ಅವ್ವ ಉಣ್ಣದ ಹೊರತು ಈ ಮನೆಯಲ್ಲಿ ಯಾರೂ ಎಲೆ ಮುಟ್ಟುವಂತಿಲ್ಲ ಎಂದು ಸಾರಿದೆ. ಎಲ್ಲರೂ ತಲೆದೂಗಿದರು. ಮಗ ಅಂದರೆ ಹೀಗಿರಬೇಕು ಎಂದು ಬಸಣ್ಣ ಮಾವ ಪಕ್ಕದವನ ತೊಡೆ ತಟ್ಟಿ ಹೇಳಿದ. ನನ್ನ ಜೀವನದಲ್ಲಿ ಅಷ್ಟು ಚೆಂದದ ಗಳಿಗೆ ಇನ್ನೊಂದು ಬಂದಿಲ್ಲ. ಅದು ಐದು ನಿಮಿಷ ಇತ್ತು.

ಅವ್ವ ಗಂಗಾಳಕ್ಕೆ ಕೈ ಹಾಕಲಿಲ್ಲ. ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ಕೂತಳು. ಪಕ್ಕಕ್ಕೆ ಹೋಗಿ ಮೆಲ್ಲಗೆ, ಉಣ್ಣು ಎಂದೆ.

"ಮನಿಗಿ ಬಂದ ಮಂದಿ ಹಸದು ಕುಂತಾದ. ನನ್ನ ಗಂಟಲದಾಗ ಹ್ಯಾಂಗ ಇಳೀತದ?"

"ನೀ ಉಂಡ ಕೂಡಲೆ ಅವರೂ ಉಣ್ತಾರ ಅವ್ವಾ."

"ಅವರು ಉಂಡ ಕೂಡಲೆ ನಾನೂ ಉಣ್ತೀನಿ."

ಮಾಸ್ತರನಾಗಿ ಹೇಳುವುದಾದರೆ ಎರಡು ಉತ್ತರಗಳೂ ಸರಿ. ಎರಡಕ್ಕೂ ಪೂರಾ ಗುಣ ಕೊಡಬೇಕು. ತೊಂದರೆಯೆಂದರೆ ನಾನು ನಲವತ್ತು ಜನರ ಮುಂದೆ ಹುಕುಂ ಹೊರಡಿಸಿಬಿಟ್ಟಿದ್ದೆ. ಬಂದವರೂ ಮರ್ಯಾದಸ್ಥರು. ಹಿರಿಯಳು ಮುಟ್ಟದ ಅನ್ನವನ್ನು ತಾವು ಮುಟ್ಟಿದರೆ ಊರಲ್ಲಿ ಏನಂದಾರು ಎಂದು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹನ್ನೆರಡಾಯಿತು. ಹುಗ್ಗಿಯ ಸ್ವಭಾವ ನಿಮಗೆ ಗೊತ್ತಿರಬೇಕು. ಬಿಸಿಯಿದ್ದಾಗ ಅದು ಊಟ, ಆರಿದರೆ ಗೋಡೆಗೆ ಮೆತ್ತಬಹುದು. ಪತ್ರಾವಳಿಯ ಮೇಲಿನ ಹುಗ್ಗಿ ನೋಡನೋಡುತ್ತ ಬಿಗಿದುಕೊಳ್ಳುತ್ತಿತ್ತು. ಮಕ್ಕಳು ಮೊದಲು ಅತ್ತವು, ಆಮೇಲೆ ತೂಕಡಿಸಿದವು. ನಾನು ಎರಡನೆಯ ಸಲ ಘಂಟೆ ಹೊಡೆದೆ. ಯಾಕೆ ಹೊಡೆದೆನೆಂದು ಕೇಳಬೇಡಿ. ಕೈಗೆ ಬೇರೆ ಏನೂ ತೋಚಲಿಲ್ಲ.

ಬಸಣ್ಣ ಮಾವ ಹಿಂದಿನ ದಿನ ಮಧ್ಯಾಹ್ನದಿಂದ ಹೊಟ್ಟೆ ಖಾಲಿ ಇಟ್ಟುಕೊಂಡು ಬಂದವನು. ಹನ್ನೆರಡೂವರೆಗೆ ಅವನು ನನ್ನ ಧೋತರದ ಚುಂಗು ಹಿಡಿದು ಜಗ್ಗಿದ. "ಲೇ ಚನ್ನಪ್ಪ, ಅಕ್ಕನ ಹಠ ನನಗ ಗೊತ್ತದ. ಸಂಜೀತನಕ ಕುಂತರೂ ಇಷ್ಟ. ಹುಕುಂ ವಾಪಸ್ ತಗೋ."

"ಈಗ ತಾನೆ ಮಗ ಅಂದ್ರ ಹಿಂಗಿರಬೇಕು ಅಂದಿ?"

"ಹಸಿವಿ ಆಗೂ ಮೊದಲ ಅಂದಿದ್ದು ಅದು."

ಹಿಂದಕ್ಕೆ ತೆಗೆದುಕೊಳ್ಳಲು ನನಗೂ ಮನಸ್ಸಿತ್ತು. ಆದರೆ ತೆಗೆದುಕೊಂಡರೆ ಆಗುವುದೇನು? ಅವ್ವ ಮತ್ತೆ ಕತ್ತಲೆಯ ಅಡುಗೆಮನೆಗೆ ಹೋಗಿ ಎಲ್ಲರ ನಂತರ ಉಣ್ಣುತ್ತಾಳೆ. ಇವತ್ತು ಆಗದಿದ್ದರೆ ಇನ್ನು ಅವಳ ಜೀವಮಾನದಲ್ಲಿ ಆಗುವುದಿಲ್ಲ. ಬೆಳಿಗ್ಗೆಯಿಂದ ಒಂದು ಗುಟುಕು ನೀರೂ ಕುಡಿಯದೆ ಅವಳ ತುಟಿ ಒಣಗಿದ್ದು ಕಾಣುತ್ತಿತ್ತು. ನನ್ನ ಮರ್ಯಾದೆಗಾಗಿ ಹಠ ಹಿಡಿದಿದ್ದೇನೋ ಅವಳಿಗಾಗಿ ಹಿಡಿದಿದ್ದೇನೋ ನನಗೇ ತಿಳಿಯದಂತಾಯಿತು. ಆಗ ತಂಗಿ ನೀಲವ್ವ ಅಡುಗೆಮನೆಯ ಬಾಗಿಲಿಗೆ ಬಂದು, ಅವ್ವನಿಗೆ ಇಷ್ಟು ಜನರ ನಡುವೆ ತುತ್ತು ಎತ್ತಲು ನಾಚಿಕೆ, ಒಳಗೆ ಕಳಿಸು, ಅಲ್ಲಿ ನಾನು ಮೊದಲು ಉಣಿಸುತ್ತೇನೆ ಎಂದಳು. ಅದು ಒಪ್ಪುವ ಮಾತೇ. ಮೊದಲು ಉಣ್ಣಬೇಕು ಎಂದಿದ್ದೆನೇ ಹೊರತು ಇಲ್ಲೇ ಉಣ್ಣಬೇಕು ಎಂದಿರಲಿಲ್ಲ. ಅವ್ವ ಎದ್ದು ಹೋದ ವೇಗ ನೋಡಿದರೆ ಎಪ್ಪತ್ತೈದು ಎಂದು ನಾನು ಹಾಕಿದ ಲೆಕ್ಕವೇ ತಪ್ಪಿರಬೇಕು ಅನ್ನಿಸಿತು. ಹತ್ತು ನಿಮಿಷದಲ್ಲಿ ನೀಲವ್ವ ಮತ್ತೆ ಬಾಗಿಲಿಗೆ ಬಂದಳು. ಜಂತಿಯ ಕಡೆ ನೋಡುತ್ತ, "ಅವ್ವಂದು ಆಯ್ತಣ್ಣಾ. ಮಂದೀಗಿ ಉಣ್ಣಾಕ ಹೇಳು" ಎಂದಳು. ನಾನು ಗಡಿಯಾರ ತೆಗೆದು ನೋಡಿ, ಕಂಬದ ಪಟ್ಟಿಯಲ್ಲಿ 'ಅವ್ವನ ಊಟ' ಎಂಬುದರ ಮುಂದೆ ಹನ್ನೆರಡು ಐವತ್ತು ಎಂದು ಬರೆದೆ. ಬರೆಯುವಾಗ ಕಣ್ಣು ತುಂಬಿ ಬಂದಿತ್ತು ಎಂಬುದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಮಂದಿ ಉಂಡರು. ಮಾವನಂತೂ ಹುಗ್ಗಿಯನ್ನು ಮುರಿದು ಮುರಿದು ತಿಂದ. ಮೂರು ಗಂಟೆಗೆ ಎಲ್ಲರೂ ಎಲೆಯಡಿಕೆ ಹಾಕಿಕೊಂಡು ಸಿಕ್ಕಲ್ಲಿ ಉರುಳಿಕೊಂಡಿದ್ದರು. ನನಗೆ ನೀರಡಿಕೆಯಾಯಿತು. ನನ್ನ ವೇಳೆಯ ಪ್ರಕಾರ ಅದು ನೀರು ಕುಡಿಯುವ ಹೊತ್ತಲ್ಲ. ಆದರೂ ಒಳಗೆ ಹೋದೆ. ಅಡುಗೆಮನೆಯಿಂದ ನಗು ಕೇಳುತ್ತಿತ್ತು. ನಗು ಎಂದರೆ ಒಬ್ಬರ ಮೇಲೊಬ್ಬರು ಬಿದ್ದು ನಗುವ ನಗು. ಮುಂದೆ ಮಾಡಿದ ಬಾಗಿಲಿನ ಸಂದಿನಲ್ಲಿ ನಿಂತು ನೋಡಿದೆ.

ಏಳೆಂಟು ಹೆಂಗಸರು ದುಂಡಗೆ ಕೂತಿದ್ದರು. ನಡುವೆ ಅವ್ವ, ಕಾಲು ಚಾಚಿಕೊಂಡು, ತಲೆಯ ಮೇಲಿನ ಸೆರಗು ಹೆಗಲಿಗೆ ಜಾರಿದೆ. ಇಳಕಲ್ ಸೀರೆಯನ್ನು ಬದಲಾಯಿಸಿ ಹಳೆಯದನ್ನು ಉಟ್ಟಿದ್ದಳು. ನನ್ನ ಹೆಂಡತಿ ಶಾಂತವ್ವ ಒಲೆಯಿಂದ ಬಿಸಿ ರೊಟ್ಟಿ ತೆಗೆದು ಅವಳ ಗಂಗಾಳಕ್ಕೆ ಹಾಕುತ್ತಿದ್ದಳು. ಪಕ್ಕದಲ್ಲಿ ಶೇಂಗಾದ ಹಿಂಡಿ, ಉಳ್ಳಾಗಡ್ಡಿ, ಕೊಪ್ಪರಿಗೆಯ ತಳದಿಂದ ಕೆರೆದ ಕೆಂಪು ಹುಗ್ಗಿ. ತುಪ್ಪದ ಗಡಿಗೆಯೇ ಅಲ್ಲಿತ್ತು. ಹೊರಗೆ ನಮಗೆ ಚಮಚೆಯಲ್ಲಿ ಬಡಿಸಿದ್ದರು. ಅವ್ವನ ಕೈಯಲ್ಲಿ ಆ ದಿನದ ಮೊದಲ ತುತ್ತು. ಅದನ್ನು ಬಾಯಿಗೆ ಹಾಕುವುದಕ್ಕೆ ಪುರುಸೊತ್ತಿಲ್ಲದೆ ಮಾತಾಡುತ್ತಿದ್ದಳು.

"ಸಾಲ್ಯಾಗ ಘಂಟಿ ಹೊಡದು ಹುಡುಗರಿಗಿ ಬಿಡ್ತಾನ. ಇಲ್ಲಿ ಘಂಟಿ ಹೊಡದು ಮಂದೀಗಿ ಹಿಡದು ಕುಂದರಿಸಿದ" ಎನ್ನುತ್ತಿದ್ದಳು. ನೀಲವ್ವ ಎದ್ದು ನಿಂತು, ಇಲ್ಲದ ಗಡಿಯಾರವನ್ನು ಸೊಂಟದಿಂದ ತೆಗೆದು, ಕಣ್ಣು ಕಿರಿದು ಮಾಡಿ ನೋಡಿದಳು. ಅಫಜಲಪುರದ ಬೀಗತಿಗೆ ನೆತ್ತಿಗೆ ಹತ್ತಿತು. ನಗು ಇಳಿದ ಮೇಲೆ ಶಾಂತವ್ವ ಕೇಳಿದಳು, "ಅತ್ತೀ, ನಿಮಗ ಅವರ ಮ್ಯಾಲ ಸಿಟ್ಟು ಬರಲಿಲ್ಲೇನ್ರಿ?"

"ಸಿಟ್ಟು ಯಾಕಬೇ? ಪಾಪ, ಅವ ಹುಟ್ಟಿದಾಗಿಂದ ಮೊದಲನೇ ಪಂಕ್ತ್ಯಾಗ ಉಂಡಾನ. ಹಿಂದ ಕುಂತು ಉಣ್ಣೋದರ ರುಚಿ ಅವನಿಗೇನ್ ಗೊತ್ತು?"

ನಾನು ಬಾಗಿಲು ತಳ್ಳಿದೆನೋ ಅದು ತಾನಾಗಿಯೇ ಸರಿಯಿತೋ ತಿಳಿಯದು. ಒಮ್ಮೆಲೇ ಎಂಟು ಸೆರಗುಗಳು ಎಂಟು ತಲೆಗಳ ಮೇಲೆ ಏರಿದವು. ನಗು ನಿಂತಿತು. ನೀಲವ್ವ ಕೈಯಲ್ಲಿದ್ದ ಇಲ್ಲದ ಗಡಿಯಾರವನ್ನು ಬೆನ್ನ ಹಿಂದೆ ಬಚ್ಚಿಟ್ಟಳು. ಅವ್ವ ಕಾಲು ಮಡಚಿ, ತುತ್ತನ್ನು ಗಂಗಾಳದಲ್ಲಿಟ್ಟು, ನೆಲಕ್ಕೆ ಕೈ ಊರಿ ಏಳತೊಡಗಿದಳು.

"ಏನ ಬೇಕಾಗಿತ್ತ ತಮ್ಮಾ?"

ಐವತ್ತೊಂದು ವರ್ಷಗಳಿಂದ ನಾನು ಅವಳು ಉಣ್ಣುವುದನ್ನು ಯಾಕೆ ನೋಡಿರಲಿಲ್ಲ ಎಂಬುದು ಆಗ ತಿಳಿಯಿತು. ನಾನು ನೋಡಲು ನಿಂತರೆ ಅವಳು ಉಣ್ಣುತ್ತಿರಲಿಲ್ಲ, ಅಷ್ಟೆ. "ನೀರ ಕುಡ್ಯಾಕ ಬಂದಿದ್ದೆ. ಆಯ್ತು" ಎಂದು, ನೀರು ಕುಡಿಯದೆಯೇ ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಪಡಸಾಲೆಯಲ್ಲಿ ಕುಳಿತು ಕಿವಿಗೊಟ್ಟೆ. ಗಡಿಯಾರ ಕೈಯಲ್ಲಿ ಹಿಡಿದು ಎರಡು ನಿಮಿಷ ಎಣಿಸಿದೆ. ಆಮೇಲೆ ಯಾರೋ ಕಿಸಕ್ಕನೆ ನಕ್ಕರು, ಗಂಗಾಳ ಸರಿದ ಸದ್ದಾಯಿತು, ಶಾಂತವ್ವ ಮತ್ತೆ ರೊಟ್ಟಿ ತಟ್ಟತೊಡಗಿದಳು.

ಅಂದಿನಿಂದ ನಾನು ಊಟಕ್ಕೆ ಒಂದು ನಿಮಿಷ ತಡಮಾಡಿದವನಲ್ಲ. ಕರೆದ ಕೂಡಲೆ ಕೂಡುತ್ತೇನೆ, ಬೇಗ ಉಂಡು, ಕೈ ತೊಳೆದು, ನೀರಿನ ತಂಬಿಗೆಯನ್ನೂ ಜೊತೆಗೇ ತೆಗೆದುಕೊಂಡು ದೂರದ ಕಟ್ಟೆಯ ಮೇಲೆ ಹೋಗಿ ಕೂತುಬಿಡುತ್ತೇನೆ. ಮಾಸ್ತರರ ಶಿಸ್ತೆಂದರೆ ಶಿಸ್ತು ಎಂದು ಊರವರು ಕೊಂಡಾಡುತ್ತಾರೆ. ನಾನೂ ಗಂಭೀರವಾಗಿ ತಲೆಯಾಡಿಸುತ್ತೇನೆ. ಮನೆಯಲ್ಲಿ ಹೆಂಗಸರೆಲ್ಲ ನಾನು ಯಾವಾಗ ಎದ್ದು ಹೋಗುತ್ತೇನೋ ಎಂದು ಹಸಿದು ಕಾಯುತ್ತಿರುತ್ತಾರೆ ಎಂಬುದನ್ನು ಅವರಿಗೆ ಹೇಳುವುದು ಹೇಗೆ?