ಇಬ್ಬರು ಅಜ್ಜಿಯರು, ಒಂದು ಪ್ರಬಂಧ

ಹೋಲಿಸುವುದು ಮನುಷ್ಯನಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಮದುವೆ ಮನೆಯಲ್ಲಿ ಕೈ ತೊಳೆಯುವ ಮುನ್ನವೇ ಹೋದ ತಿಂಗಳು ಉಂಡ ಮದುವೆಯ ಸಾರಿನ ಮಾತು ಶುರುವಾಗುತ್ತದೆ. ಆಗತಾನೇ ಹುಟ್ಟಿದ ಕೂಸಿನ ಮೂಗನ್ನು ಎರಡೂ ಕಡೆಯ ನೆಂಟರು ಬಗ್ಗಿ ಬಗ್ಗಿ ನೋಡಿ, ನೆಟ್ಟಗಿದ್ದರೆ ತಮ್ಮ ಕಡೆಯದೆಂದೂ ಮೊಂಡಾಗಿದ್ದರೆ ಆ ಕಡೆಯದೆಂದೂ ತೀರ್ಮಾನಿಸಿಬಿಡುತ್ತಾರೆ. ನಾನು ದಿನಾ ಹತ್ತುವ ಹೊಳಲ್ಕೆರೆ ಬಸ್ಸಿನಲ್ಲಿ ನನ್ನ ಪಕ್ಕ ಕೂರುವ ಹೆಂಗಸರು ಇಬ್ಬರು ಡಾಕ್ಟರನ್ನು, ಇಬ್ಬರು ಸೊಸೆಯರನ್ನು, ಎರಡು ಅಂಗಡಿಯ ಸೀರೆಗಳನ್ನು ಇಳಿಯುವಷ್ಟರಲ್ಲಿ ಹೋಲಿಸಿ ಮುಗಿಸಿರುತ್ತಾರೆ. ಇಷ್ಟು ಸಲೀಸಾದ ಕೆಲಸವನ್ನು ಕಾಗದದ ಮೇಲೆ ಮಾಡಿ ಎಂದರೆ ಮಾತ್ರ ಮನೆಗಳು ಒಡೆಯುವ ಹಂತಕ್ಕೆ ಬರುತ್ತವೆ. ಮನೆಗಳು ಎಂದು ಸುಮ್ಮನೆ ಯಾಕೆ ಊರವರನ್ನೆಲ್ಲ ಸೇರಿಸಲಿ? ನಮ್ಮ ಮನೆ.

ನಾನು ಹೊಳಲ್ಕೆರೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು, ಮನೆ ಚಿತ್ರದುರ್ಗದಲ್ಲಿ. ಹೋಲಿಕೆಯ ಪ್ರಬಂಧ ಬರೆಯುವುದು ಹೇಗೆಂದು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣದ ಪುಡಿ ಕುಡಿದಿದ್ದೇನೆ. ಆದ್ದರಿಂದ ಒಂಬತ್ತನೇ ಕ್ಲಾಸಿನ ನನ್ನ ಮಗಳು ಸಿಂಚನ, 'ಅಮ್ಮ, ನಮ್ಮ ಮಿಸ್ಸು ಹೋಲಿಕೆ ಪ್ರಬಂಧ ಬರ್ಕೊಂಡ್ ಬಾ ಅಂದವ್ರೆ' ಎಂದಾಗ ನನಗೆ ಒಳಗೊಳಗೇ ಖುಷಿಯಾಯಿತು. ಮನೆಯಲ್ಲಿ ನನ್ನ ವಿದ್ಯೆಯನ್ನು ಯಾರಾದರೂ ಕೇಳುವುದು ಅಪರೂಪ. ಹಿರಿಯೂರಿನಲ್ಲಿ ಕೆಲಸ ಮಾಡುವ ನನ್ನ ಗಂಡನಿಗಂತೂ ನಾನು ಏನು ಪಾಠ ಮಾಡುತ್ತೇನೆಂಬುದೇ ಗೊತ್ತಿದ್ದಂತಿಲ್ಲ.

'ಯಾವ್ದರ ಬಗ್ಗೆ ಬರೀತೀಯ?' ಎಂದೆ.

'ಹಳ್ಳಿ ಜೀವನ, ಪಟ್ಟಣ ಜೀವನ.'

ನನಗೆ ಮೈಯೆಲ್ಲ ಉರಿದುಹೋಯಿತು. ಈ ಪ್ರಬಂಧವನ್ನು ನಾನು ಎಷ್ಟು ಸಲ ತಿದ್ದಿದ್ದೇನೆಂದರೆ, ಹಳ್ಳಿಯ ಶುದ್ಧ ಗಾಳಿ ಎಂಬ ಮಾತು ಕಂಡರೆ ಉಸಿರು ಕಟ್ಟುತ್ತದೆ. 'ಹಳೇದು ಬೇಡ. ಕಣ್ಣೆದುರಿಗೆ ಇರೋದನ್ನ ತಗೋ. ಎರಡರಲ್ಲೂ ಒಂಚೂರು ಹೋಲಿಕೆ ಇರಬೇಕು, ಒಂಚೂರು ವ್ಯತ್ಯಾಸ ಇರಬೇಕು. ಪೂರ್ತಿ ಒಂದೇ ಥರ ಇದ್ರೆ ಬರೆಯೋಕೆ ಏನೂ ಇರಲ್ಲ. ಪೂರ್ತಿ ಬೇರೆ ಇದ್ರೆ ಹೋಲಿಸೋಕೆ ಏನೂ ಇರಲ್ಲ' ಎಂದು ಕ್ಲಾಸಿನಲ್ಲಿ ಹೇಳುವ ಹಾಗೆಯೇ ಹೇಳಿದೆ. ಸಿಂಚನ ಪೆನ್ನು ಕಚ್ಚಿಕೊಂಡು ಕಣ್ಣೆದುರಿಗೆ ನೋಡಿದಳು. ಕಣ್ಣೆದುರಿಗೆ, ನಮ್ಮ ಹಾಲಿನ ಎರಡು ಗೋಡೆಗೆ ಎರಡು ಕುರ್ಚಿ ಹಾಕಿಕೊಂಡು, ಅವಳ ಇಬ್ಬರು ಅಜ್ಜಿಯರು ಕೂತಿದ್ದರು.

ಇವರನ್ನು ಸ್ವಲ್ಪ ಪರಿಚಯಿಸಬೇಕು. ಒಬ್ಬರು ನನ್ನ ಅತ್ತೆ. ಐಮಂಗಲದ ಕಡೆಯವರು, ಕುರಿ ಸಾಕುವ ಮನೆತನ. ಕುರಿಗಳನ್ನು ಈಗ ನನ್ನ ಮೈದುನ ನೋಡಿಕೊಳ್ಳುತ್ತಾನೆ. ಅತ್ತೆ ನಮ್ಮ ಜೊತೆ ದುರ್ಗದಲ್ಲಿದ್ದಾರೆ. ಆದರೆ ಗಂಟಲು ಇನ್ನೂ ಹಟ್ಟಿಯಲ್ಲೇ ಇದೆ. ಅವರು ಹಿತ್ತಲಲ್ಲಿ ನಿಂತು ಸಿಂಚನಳನ್ನು ಊಟಕ್ಕೆ ಕರೆದರೆ ಹಿಂದಿನ ಬೀದಿಯ ಮಕ್ಕಳೂ ಆಟ ಬಿಟ್ಟು ಮನೆಗೆ ಹೋಗುತ್ತವೆ. ಇನ್ನೊಬ್ಬರು ನನ್ನ ಅಮ್ಮ. ಹೊಸದುರ್ಗ ತಾಲ್ಲೂಕಿನ ಬಾಗೂರಿನವಳು. ಕಣ್ಣಿನ ಪೊರೆ ಆಪರೇಷನ್ ಮಾಡಿಸಿಕೊಂಡು, ಮತ್ತೊಮ್ಮೆ ಡಾಕ್ಟರಿಗೆ ತೋರಿಸುವವರೆಗೆ ನಮ್ಮಲ್ಲಿ ಇರಲು ಬಂದಿದ್ದಳು. ಬಗ್ಗಬಾರದು, ಒಲೆ ಮುಂದೆ ನಿಲ್ಲಬಾರದು, ಭಾರ ಎತ್ತಬಾರದು. ಇಡೀ ದಿನ ಕಪ್ಪು ಕನ್ನಡಕ ಹಾಕಿಕೊಂಡು ಕೂರುತ್ತಿದ್ದಳು. ಅವಳು ನಿದ್ದೆ ಮಾಡುತ್ತಿದ್ದಾಳೋ ನಮ್ಮನ್ನೆಲ್ಲ ಗಮನಿಸುತ್ತಿದ್ದಾಳೋ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಮ್ಮ ಗಟ್ಟಿಯಾಗಿ ಮಾತಾಡುವವಳಲ್ಲ. ಮೆತ್ತಗೆ ಒಂದು ಮಾತು ಆಡಿ ಸುಮ್ಮನಾಗುತ್ತಾಳೆ. ಅದು ಮೂರು ದಿನ ಚುಚ್ಚುತ್ತಿರುತ್ತದೆ.

'ಅಜ್ಜೀರ ಬಗ್ಗೆ ಬರೀತೀನಿ' ಎಂದಳು ಸಿಂಚನ.

ಆಗಲೇ ಬೇಡ ಎನ್ನಬೇಕಿತ್ತು. ಆದರೆ ನನ್ನೊಳಗಿನ ಟೀಚರು ತಾಯಿಗಿಂತ ಮುಂದೆ ಓಡಿದಳು. ವಿಷಯ ಹೊಸದಾಗಿದೆ, ಸ್ವಂತದ್ದಾಗಿದೆ ಎಂದು ಹೊಗಳಿ, ಹಾಳೆಯ ನಡುವೆ ಗೆರೆ ಎಳೆಸಿ, ಎಡಕ್ಕೆ ಐಮಂಗಲದಜ್ಜಿ, ಬಲಕ್ಕೆ ಬಾಗೂರಜ್ಜಿ ಎಂದು ಬರೆಸಿದೆ. 'ಒಬ್ಬರನ್ನು ಯಾವ ಅಳತೇಲಿ ಅಳೀತೀಯೋ ಇನ್ನೊಬ್ಬರನ್ನೂ ಅದರಲ್ಲೇ ಅಳೀಬೇಕು. ಒಬ್ಬರ ಅಡುಗೆ, ಇನ್ನೊಬ್ಬರ ಉಡುಗೆ ಅಂತ ಬರೀಬಾರದು' ಎಂದೆ. ಅಡುಗೆ, ಮಾತು, ಧೈರ್ಯ, ಕೋಪ ಎಂದು ತಲೆಬರಹಗಳೂ ಸಿದ್ಧವಾದವು. ಒಂದೊಂದಕ್ಕೂ ಒಂದು ಉದಾಹರಣೆ ಕೇಳಿ ಬರೆದುಕೋ ಎಂದು ಹೇಳಿ ನಾನು ಬಟ್ಟೆ ಒಣಹಾಕಲು ಹೋದೆ.

ಬರುವಷ್ಟರಲ್ಲಿ ಮನೆಯ ವಾತಾವರಣವೇ ಬದಲಾಗಿತ್ತು. ತಮ್ಮ ಬಗ್ಗೆ ಬರೆಯಲಾಗುತ್ತಿದೆ ಎಂದು ತಿಳಿದ ಮನುಷ್ಯರು ತಾವಾಗಿ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಆ ವಾರ. ಬೆಳಗಿನ ತಿಂಡಿಯ ತಂಟೆಗೇ ಹೋಗದ ಅತ್ತೆ ಮರುದಿನ ನಾನು ಏಳುವ ಮುಂಚೆಯೇ ಎದ್ದು ರೊಟ್ಟಿ ತಟ್ಟುತ್ತಿದ್ದರು. ಒಲೆ ಮುಂದೆ ನಿಲ್ಲಬಾರದ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕಪ್ಪು ಕನ್ನಡಕದಲ್ಲಿ ನಿಂತು, 'ನಾನು ಮಾಡಿದ್ರೆ ಇನ್ನೂ ತೆಳ್ಳಗೆ ಬರ್ತಿತ್ತು. ಏನ್ ಮಾಡದು, ಡಾಕ್ಟ್ರು ಬಿಡಲ್ಲ' ಎಂದು ಸಿಂಚನಳಿಗೆ ಕೇಳುವ ಹಾಗೆ ಹೇಳಿದಳು. ಸಾಯಂಕಾಲ ನಾನು ಸ್ಕೂಲಿನಿಂದ ಬಂದರೆ ಒಂದು ಮೂಲೆಯಲ್ಲಿ ಅತ್ತೆ ಮೊಮ್ಮಗಳನ್ನು ಹಿಡಿದುಕೊಂಡು, 'ಬರ್ಕವ್ವ, ನಾನು ಯಾರ್ ಮ್ಯಾಲೂ ಸಿಟ್ ಮಾಡ್ಕಂಡಿಲ್ಲ ಅಂತ ಬರ್ಕ' ಎನ್ನುತ್ತಿದ್ದರು. ಅವಳು ಆ ಕಡೆ ಹೋದರೆ ಅಮ್ಮ ಕನ್ನಡಕ ಸರಿಮಾಡಿಕೊಂಡು, 'ಅವ್ರು ಕೋಪದ ಬಗ್ಗೆ ಏನ್ ಬರೆಸಿದ್ರು ಮಗಾ? ಸುಮ್ನೆ ಕೇಳಿದೆ' ಎನ್ನುತ್ತಿದ್ದಳು.

ಮೊದಲ ಕರಡಿನಲ್ಲಿ ಸಿಂಚನ ಒಬ್ಬ ಅಜ್ಜಿಯ ಕಥೆಯನ್ನು ಪೂರ್ತಿ ಬರೆದು, ಆಮೇಲೆ ಇನ್ನೊಬ್ಬರದನ್ನು ಪೂರ್ತಿ ಬರೆದಿದ್ದಳು. ಹಾಗೆಯೇ ಬಿಟ್ಟಿದ್ದರೆ ಮನೆ ತಣ್ಣಗಿರುತ್ತಿತ್ತು. 'ಇದು ಎರಡು ಪ್ರಬಂಧ ಆಯ್ತು ಕಣೇ. ಒಂದೊಂದು ಅಂಶಕ್ಕೂ ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸು' ಎಂದು ನಾನೇ ಹೇಳಿದೆ. ಅವಳು ನಿಲ್ಲಿಸಿದಳು. ನಿಲ್ಲಿಸಿ, ಸರಿ ಇದೆಯೇ ಎಂದು ಅವರಿಬ್ಬರ ನಡುವೆ ಕೂತು ಗಟ್ಟಿಯಾಗಿ ಓದಿದಳು.

ಅಡುಗೆ ಹೇಗೋ ದಾಟಿತು. ಧೈರ್ಯದಲ್ಲಿ ಸಿಕ್ಕಿಕೊಂಡಿತು. ಅತ್ತೆ ಹರೆಯದಲ್ಲಿ ಕುರಿಹಟ್ಟಿಗೆ ಬಂದ ಚಿರತೆಯನ್ನು ಬರೀ ಕೂಗಿ ಓಡಿಸಿದ್ದರು. ಅವರ ಗಂಟಲು ಗೊತ್ತಿರುವ ನಾನು ಅದನ್ನು ಪೂರ್ತಿ ನಂಬುತ್ತೇನೆ. ಅಮ್ಮ, ಊರಿನ ಸ್ಟಾಪಿನಲ್ಲಿ ನಿಲ್ಲಿಸದೆ ಹೋಗುತ್ತಿದ್ದ ಬಸ್ಸಿಗೆ ರಸ್ತೆಯ ನಡುವೆ ಅಡ್ಡ ನಿಂತು, ಸ್ಕೂಲಿಗೆ ಹೋಗುವ ಮಕ್ಕಳೆಲ್ಲ ಹತ್ತುವವರೆಗೆ ಕದಲಿರಲಿಲ್ಲ. ಆ ಮಕ್ಕಳಲ್ಲಿ ನಾನೂ ಒಬ್ಬಳು. ಸಿಂಚನ ಎರಡನ್ನೂ ಬರೆದು, ಕೊನೆಗೆ 'ಆದ್ದರಿಂದ ಐಮಂಗಲದಜ್ಜಿಗೆ ಧೈರ್ಯ ಹೆಚ್ಚು, ಬಾಗೂರಜ್ಜಿಗೆ ಸಹನೆ ಹೆಚ್ಚು' ಎಂದು ತೀರ್ಪು ಕೊಟ್ಟಿದ್ದಳು.

ಅಮ್ಮ, 'ಸಹನೆನಾ?' ಎಂದಳು. 'ಚಿರತೆ ಕೂಗಿದ್ರೆ ಹೆದರ್ಕಂಡ್ ಓಡ್ತೈತೆ. ಬಸ್ ಓಡ್ತೈತಾ?'

'ಬಸ್ಸಿಗೆ ಬ್ರೇಕ್ ಐತೆ ಬೀಗ್ರೇ' ಎಂದರು ಅತ್ತೆ. 'ಚಿರತೆಗೆ ಐತಾ?'

'ಬ್ರೇಕ್ ಹಾಕೋದು ಡ್ರೈವರ್ ಇಷ್ಟ ಅಲ್ವಾ?'

'ಡ್ರೈವರ್ ಮನುಷ್ಯ ಕಣ್ರೀ. ಮನುಷ್ಯನ್ನ ತಿಂತಾನಾ ಅವನು?'

ಸಿಂಚನ ಇದನ್ನೂ ಬರೆದುಕೊಳ್ಳುತ್ತಿದ್ದಳು. ಮಾತು ಚಿರತೆ ಬಿಟ್ಟು ನನ್ನ ಮದುವೆಗೆ ಹಾರಿ, ಅಲ್ಲಿ ಯಾರ ಕಡೆಯವರು ಯಾರನ್ನು ಕೂರಿಸಿ ಮಾತಾಡಿಸಲಿಲ್ಲ ಎಂಬಲ್ಲಿಗೆ ಬಂದು ನಿಂತಿತು. ಅಮ್ಮ ಎದ್ದು ರೂಮಿಗೆ ಹೋದಳು. ನಾನು ಹಿಂದೆಯೇ ಹೋಗಿ ನೋಡಿದರೆ ಸೀರೆಗಳನ್ನು ಮಡಚಿ ಬ್ಯಾಗಿಗೆ ತುಂಬುತ್ತಿದ್ದಳು, ಅದೂ ಬಗ್ಗಿಕೊಂಡು.

'ಏನಮ್ಮ ಇದು? ಡಾಕ್ಟ್ರಿಗೆ ತೋರಿಸ್ಬೇಕಲ್ಲ?'

'ನಂಗೆ ಸಹನೆ ಜಾಸ್ತಿ ಅಲ್ವಾ. ಕಣ್ಣು ಕಾಯ್ತೈತೆ ಬಿಡು.'

ಹಾಲಿನಿಂದ ಅತ್ತೆಯ ದನಿ ಬಂತು: 'ನಾನೂ ಐಮಂಗಲಕ್ಕೆ ಹೋಗ್ತೀನಿ. ಕುರಿ ಮುಂದೆ ಇರೋದೇ ವಾಸಿ. ಅವೇನ್ ಪ್ರಬಂಧ ಬರೆಯಲ್ಲ.'

ಗಂಡನಿಗೆ ಫೋನು ಮಾಡಿದೆ. ಎಲ್ಲವನ್ನೂ ಕೇಳಿಸಿಕೊಂಡು ಅವರು, 'ಹಳ್ಳಿ ಜೀವನ, ಪಟ್ಟಣ ಜೀವನ ಅಂತ ಬರೆಸಬಾರ್ದಿತ್ತಾ?' ಎಂದರು.

ಅಲ್ಲಿಗೆ ನನ್ನ ತಾಳ್ಮೆ ತಪ್ಪಿತು. ಬೆಳಗ್ಗೆಯಿಂದ ಬಸ್ಸಿನಲ್ಲಿ ನಿಂತು, ಸ್ಕೂಲಿನಲ್ಲಿ ನಿಂತು, ಮತ್ತೆ ಬಸ್ಸಿನಲ್ಲಿ ನಿಂತು ಬಂದವಳು ನಾನು. ಬ್ಯಾಗನ್ನು ಅಮ್ಮನ ಕೈಯಿಂದ ಕಿತ್ತುಕೊಂಡು ಹಾಲಿನ ನಡುವೆ ತಂದು ಕುಕ್ಕಿದೆ. ಯಾರೂ ಎಲ್ಲಿಗೂ ಹೋಗಕೂಡದು. ಡಾಕ್ಟರು ಹೂಂ ಅನ್ನುವವರೆಗೆ ಅಮ್ಮ ಈ ಮನೆಯ ಹೊಸ್ತಿಲು ದಾಟಕೂಡದು. ಅತ್ತೆ ಮೊಣಕಾಲು ನೋವು ಇಟ್ಟುಕೊಂಡು ಕುರಿ, ಹಟ್ಟಿ ಎಂದು ಸೊಲ್ಲೆತ್ತಕೂಡದು. ಚಿರತೆ, ಬಸ್ಸು ಎರಡರ ಹೆಸರೂ ನನ್ನ ಕಿವಿಗೆ ಬೀಳಕೂಡದು. ಸಿಂಚನ ತೀರ್ಪು ಕೊಡುವುದನ್ನು ಬಿಟ್ಟು ವ್ಯತ್ಯಾಸದ ಜೊತೆ ಸಾಮ್ಯವನ್ನೂ ಹುಡುಕತಕ್ಕದ್ದು. ಇದು ಮನೆಯೋ ಸಂತೆಯೋ? ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದೆನಂತೆ. ಎದುರು ಮನೆಯವರು ಟೀವಿಯ ಸದ್ದು ಕಡಿಮೆ ಮಾಡಿ ಕೇಳಿಸಿಕೊಂಡರೆಂದು ಆಮೇಲೆ ಗೊತ್ತಾಯಿತು.

ಅತ್ತೆ ಮೆಲ್ಲಗೆ ಬ್ಯಾಗು ಎತ್ತಿಕೊಂಡು ಹೋಗಿ ಅಮ್ಮನ ಮಂಚದ ಕೆಳಗಿಟ್ಟು ಬಂದರು. ಅಮ್ಮ, 'ಕಾಲು ನೋವಿಟ್ಕಂಡು ನೀವ್ಯಾಕೆ ಎತ್ತಿದ್ರಿ, ಕುಂತ್ಕಳ್ರಿ' ಎಂದಳು. ಆ ರಾತ್ರಿ ಊಟಕ್ಕೆ ಇಬ್ಬರೂ ಅಕ್ಕಪಕ್ಕ ಕೂತರು. ನಾನು ಬಡಿಸಿದ್ದನ್ನೆಲ್ಲ ಬೇಕು ಬೇಡ ಎನ್ನದೆ ತಿಂದರು. ನನ್ನ ಮಾತಿಗೆ ಈ ಮನೆಯಲ್ಲಿ ಇನ್ನೂ ಬೆಲೆಯಿದೆ ಎಂದು ನಾನು ಸಮಾಧಾನಪಟ್ಟುಕೊಂಡೆ.

ಭಾನುವಾರ ಬೆಳಗ್ಗೆ ಪ್ರಬಂಧ ಮುಗಿಯಿತು. ಸಿಂಚನ ಎಲ್ಲರನ್ನೂ ಕೂರಿಸಿಕೊಂಡು ಓದಿದಳು. ನಿಜ ಹೇಳಬೇಕೆಂದರೆ ಚೆನ್ನಾಗಿತ್ತು. ಇಬ್ಬರನ್ನು ಯಾಕೆ ಹೋಲಿಸುತ್ತಿದ್ದೇನೆಂದು ಆರಂಭದಲ್ಲೇ ಹೇಳಿದ್ದಳು. ಚಿರತೆಗೂ ಬಸ್ಸಿಗೂ ತೀರ್ಪಿರಲಿಲ್ಲ. ಒಬ್ಬರು ಕುರಿಗಳಿಗಾಗಿ, ಇನ್ನೊಬ್ಬರು ಮಕ್ಕಳಿಗಾಗಿ ಅಡ್ಡ ನಿಂತರು ಎಂದು ಮಾತ್ರ ಇತ್ತು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಅಮ್ಮನ ಕಪ್ಪು ಕನ್ನಡಕದ ಹಿಂದೆ ಏನಾಗುತ್ತಿತ್ತೋ ತಿಳಿಯಲಿಲ್ಲ. ನಾನು ಟೀಚರಾಗಿ ಬೀಗುತ್ತ ಕೂತಿದ್ದೆ. ಆಗ ಅವಳು ಮುಕ್ತಾಯ ಓದಿದಳು:

'ಹೀಗೆ ನನ್ನ ಅಜ್ಜಿಯರಲ್ಲಿ ಅನೇಕ ವ್ಯತ್ಯಾಸಗಳಿವೆ. ಅವರಲ್ಲಿರುವ ಮುಖ್ಯವಾದ ಸಾಮ್ಯವೆಂದರೆ, ಚಿರತೆಗೂ ಬಸ್ಸಿಗೂ ಹೆದರದ ಇವರಿಬ್ಬರೂ ನನ್ನ ಅಮ್ಮನಿಗೆ ಹೆದರುತ್ತಾರೆ.'

ಇಬ್ಬರಿಗೂ ಒಟ್ಟಿಗೇ ನಗು ಬಂತು. ಅತ್ತೆ ಅಮ್ಮನ ತೊಡೆಗೆ ಹೊಡೆದರು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ನನ್ನ ಮುಖ ನೋಡಿ ಇಬ್ಬರೂ ಒಟ್ಟಿಗೇ ಸುಮ್ಮನಾದರು.

'ನಾನು ಯಾರನ್ನ ಹೆದರಿಸಿದೀನಿ ಹೇಳ್ರೀ ನೋಡಾಣ?' ಎಂದು ಕೇಳಿದೆ. ದನಿ ಸ್ವಲ್ಪ ಏರಿತ್ತೇನೋ.

ಅತ್ತೆ ಎದ್ದು ಅಡುಗೆಮನೆಗೆ ಹೋದರು. ಅಮ್ಮನೂ ಹಿಂದೆಯೇ ಹೋದಳು. ಒಳಗೆ ಪಾತ್ರೆಯ ಸದ್ದು, ಪಿಸುಮಾತು. ಸ್ವಲ್ಪ ಹೊತ್ತಿಗೆ ನಾನು ಕೇಳದೆಯೇ ನನಗೊಂದು ಲೋಟ ಚಹಾ ಬಂತು. ತಂದವರು ಅತ್ತೆ, ಅವರ ಹಿಂದೆ ಅಮ್ಮ. ನಾನು ಒಂದು ಗುಟುಕು ಕುಡಿಯುವವರೆಗೂ ಇಬ್ಬರೂ ನಿಂತೇ ಇದ್ದರು.

'ಸಕ್ಕರೆ ಸರಿ ಐತೇನಮ್ಮ?' ಎಂದರು ಅತ್ತೆ.

ಇಬ್ಬರೂ ಸೇರಿ ಸಕ್ಕರೆ ಹಾಕುವುದನ್ನೇ ಮರೆತಿದ್ದರು. ಸರಿ ಇದೆ ಎಂದು ಹೇಳಿ, ಆದಷ್ಟೂ ಮೆತ್ತಗಿನ ಮುಖ ಮಾಡಿಕೊಂಡು, ಪೂರ್ತಿ ಕುಡಿದೆ.