ಸೀಲ್ ಮಾಡಿದ ಆರು ಬಟ್ಟಲು

ಅಡುಗೆಮನೆಗೆ ವರ್ಷಕ್ಕೊಮ್ಮೆ ಕಾಲಿಡುವ ಗಂಡಸಿಗೆ ಅಲ್ಲಿರುವವರೆಲ್ಲ ತಪ್ಪು ಮಾಡುತ್ತಿರುವಂತೆಯೇ ಕಾಣುತ್ತದೆ. (ಅಲ್ಲಿರುವವರು ಎಂದರೆ ಹೆಂಡತಿಯೊಬ್ಬಳೇ.) ಆ ಭಾನುವಾರ ನಮ್ಮ ಲ್ಯಾಬ್ ಟೆಕ್ನಿಷಿಯನ್ ಮಹಾಶಯನಿಗೂ ಹಾಗೇ ಕಂಡಿತು. ಲ್ಯಾಬಿನ ಒಡೆಯರಾದ ಡಾಕ್ಟರು ಹೆಂಡತಿಯೊಂದಿಗೆ ಮಧ್ಯಾಹ್ನದ ಊಟಕ್ಕೆ ಬರುವವರಿದ್ದರು. ಅವರಿಗೆ ಸಕ್ಕರೆ ಕಾಯಿಲೆ. ಹೊಸ ಶಾಖೆಯ ಉಸ್ತುವಾರಿ ಯಾರಿಗೆ ಎಂಬುದು ಮರುದಿನದ ತೀರ್ಮಾನ. ಸಕ್ಕರೆಯ ಹರಳೂ ಸೋಕದ ಹಣ್ಣಿನ ಸಿಹಿ ತಿನ್ನಿಸಿ ಆ ಕುರ್ಚಿ ಗಿಟ್ಟಿಸುವುದು ಅವನ ಹಂಚಿಕೆ.

ಬೆಳಗ್ಗೆ ಆರಕ್ಕೇ ಅನಾನಸ್, ಬಾಳೆಹಣ್ಣು ಹೆಚ್ಚಿ ಗಟ್ಟಿ ಮೊಸರಿಗೆ ಕಲಸಿದ.

"ರೀ, ಅನಾನಸ್ ಮೊಸರಲ್ಲಿ ನೆನೆದ್ರೆ ಕಹಿ ಆಗತ್ತೆ. ಬಡಿಸೋ ಹೊತ್ತಿಗೆ ಕಲಸಿದ್ರೆ ಸಾಕು," ಎಂದಳು ಹೆಂಡತಿ.

"ನೀನು ಲ್ಯಾಬ್ ಕೋರ್ಸ್ ಮುಗಿಸಿ ಹನ್ನೆರಡು ವರ್ಷ ಆಯ್ತು ಕಣೇ. ವಿಜ್ಞಾನ ಮುಂದೆ ಹೋಗಿದೆ."

(ಇಬ್ಬರೂ ಒಂದೇ ಕ್ಲಾಸು. ಮೊದಲ ಸ್ಥಾನ ಅವಳದು. ಮದುವೆಯಾದ ಮೇಲೆ ಆ ಸರ್ಟಿಫಿಕೇಟು ಬೀರುವಿನಲ್ಲಿ ಬಟ್ಟೆಯಡಿ ಹಾಸುವ ಕಾಗದವಾಯಿತು.)

"ಒಂದು ಚಮಚ ರುಚಿನಾದ್ರೂ ನೋಡಿ."

"ಸ್ಯಾಂಪಲ್ ಸೀಲ್ ಆದ ಮೇಲೆ ಮುಟ್ಟೋ ಹಾಗಿಲ್ಲ."

ಆರು ಬಟ್ಟಲಿಗೂ ಮುಚ್ಚಳ, ಟೇಪು, ಚೀಟಿ: 'ತಯಾರಾದ ವೇಳೆ 6.40. ತೆರೆಯಬಾರದು.' ಕೆಳಗೆ ರುಜು. ಸಿಂಕಿನಲ್ಲಿ ಹದಿನೇಳು ಪಾತ್ರೆ ಬಿದ್ದಿದ್ದವು. ಅವಕ್ಕೆ ಯಾರ ರುಜುವೂ ಇರಲಿಲ್ಲ.

ಊಟದುದ್ದಕ್ಕೂ ಅದೇ ಕೊರೆತ. "ಸರ್, ಹೊಟ್ಟೇಲಿ ಸ್ವಲ್ಪ ಜಾಗ ಇರಲಿ. ಕೊನೇಲಿ ನನ್ನ ಕೈಚಳಕ ಇದೆ."

ಹೆಂಡತಿ ಎದ್ದು ಸಿಹಿಯ ಬಟ್ಟಲುಗಳನ್ನು ತಂದಿಟ್ಟಳು. ತಣ್ಣೀರು ತರಲು ಹೋದ ಅವನು ಫ್ರಿಜ್ ತೆರೆದರೆ, ಎದುರಿಗೇ ಅವನದೊಂದು ಬಟ್ಟಲು. ಸೀಲು ಒಡೆದಿದೆ. ಬೆರಳದ್ದಿ ನೆಕ್ಕಿದ. ಹಾಗಲಕಾಯಿ ಅರೆದು ಕಲಸಿದಂಥ ಕಹಿ.

ಓಡಿ ಬಂದ. ಡಾಕ್ಟರ ಬಾಯಲ್ಲಿ ಚಮಚ. ಕಣ್ಣು ಮುಚ್ಚಿವೆ. ಗೋಡೆ ಗಡಿಯಾರ ಎಷ್ಟು ಗಟ್ಟಿಯಾಗಿ ಬಡಿದುಕೊಳ್ಳುತ್ತದೆಂದು ಅವನಿಗೆ ಅಂದೇ ಗೊತ್ತಾದದ್ದು.

"ಇದನ್ನ ಮಾಡಿದ್ದು ಯಾರು?" ಎಂದರು ಡಾಕ್ಟರು.

ಮನುಷ್ಯ ಎಂಥವನೆಂದು ತಿಳಿಯಲು ರಕ್ತಪರೀಕ್ಷೆ ಬೇಕಿಲ್ಲ, ಇಂಥದೊಂದು ಪ್ರಶ್ನೆ ಸಾಕು.

"ಇವಳೇ ಸರ್. ನಾನು ಬೇಡ ಬೇಡ ಅಂದೆ, ಕೇಳಲಿಲ್ಲ."

ಹೆಂಡತಿ ಅವನನ್ನೊಮ್ಮೆ ನೋಡಿದಳು. "ಹೌದು ಸರ್, ನಾನೇ. ಇವರು ತಾವು ಮಾಡಿದ್ದಕ್ಕೆ ಸೀಲ್ ಹಾಕಿ ತೆರೀಬೇಡ ಅಂದಿದ್ರು. ಹನ್ನೊಂದಕ್ಕೆ ತೆರೆದು ನೋಡಿದೆ, ಕಹಿಯಾಗಿತ್ತು. ಇದು ಈಗ ಕಲಸಿದ್ದು."

"ಸೊಗಸಾಗಿದೆಯಮ್ಮ. ಕಹಿಯಾಗತ್ತೆ ಅಂತ ನಿಮಗೆ ಹೇಗೆ ಅನುಮಾನ ಬಂತು?"

"ನಾನೂ ಇವರ ಕ್ಲಾಸಲ್ಲೇ ಓದಿದ್ದು ಸರ್."

ಡಾಕ್ಟರ ಹೆಂಡತಿ ಗಂಡನ ಕಡೆ ತಿರುಗಿದರು. "ಸೀಲ್ ನೋಡಿ ಸುಮ್ಮನಾಗದೆ ಒಳಗಿರೋದನ್ನ ನೋಡೋರು ಬೇಕು ಅಂತಿದ್ರಲ್ಲ ರೀ, ಹೊಸ ಶಾಖೆಗೆ."

"ನಾಳೆ ಸರ್ಟಿಫಿಕೇಟ್ ತಗೊಂಡು ಬನ್ನಿ ಅಮ್ಮ," ಎಂದು ಡಾಕ್ಟರು ಇನ್ನೊಂದು ಬಟ್ಟಲಿಗೆ ಕೈಚಾಚಿದರು.

ಅತಿಥಿಗಳು ಹೋದ ಮೇಲೆ ಅವನು ಮತ್ತೆ ಫ್ರಿಜ್ ತೆರೆದ. ಆರೂ ಬಟ್ಟಲು ಸಾಲಾಗಿ ಕೂತಿದ್ದವು. ಪ್ರತಿ ಚೀಟಿಯಲ್ಲೂ ಅವನ ರುಜುವಿನ ಕೆಳಗೆ ಹೆಂಡತಿಯ ದುಂಡಕ್ಷರ:

'ಸ್ಯಾಂಪಲ್ ತಿರಸ್ಕೃತ. ಬಟ್ಟಲು ತೊಳೆಯಬೇಕಾದವರು: ಮೇಲೆ ರುಜು ಹಾಕಿದವರು.'