ಪಾಸು–ನಪಾಸಿನ ಕಾರಣ ಹುಡುಕಲು ಹೋಗಿ

ಮಾಸ್ತರನಾದವನಿಗೆ ಹಣೆ ಚಚ್ಚಿಕೊಳ್ಳುವ ಪ್ರಸಂಗಗಳಿಗೇನೂ ಬರವಿಲ್ಲ. ಆದರೆ ಎರಡನೇ ಮಹಾಯುದ್ಧಕ್ಕೆ ಮುಂಚೆ, ಟ್ರೇನಿಂಗ್ ಕಾಲೇಜಿನಲ್ಲಿದ್ದಾಗ ನಾನು ಮೈಮೇಲೆ ಎಳೆದುಕೊಂಡದ್ದು ಯಾರಿಗೂ ಬರಬಾರದು. ಮಕ್ಕಳು ಪಾಸಾಗುವುದಕ್ಕೆ ಕಾರಣವೇನು ಎಂಬ ಪ್ರಬಂಧ ಬರೆಯಲು ಒಪ್ಪಿಕೊಂಡುಬಿಟ್ಟೆ.

“ಹುಡುಗನಿಂದ ಹುಡುಗಗ ಏನೇನು ಬದಲಾಗತೈತಿ, ಮೊದಲು ಅದನ್ನ ಪಟ್ಟಿ ಮಾಡ್ರಿ” ಎಂದರು ಗುರುಗಳು. ವಯಸ್ಸು, ಹಾಜರಿ, ಮನೆ ಎಂದು ಮೂರು ಬರೆದುಕೊಂಡು ಹೊರಟೆ. ಪ್ರಬಂಧ ಒಪ್ಪಿಗೆಯಾಗದಿದ್ದರೆ ಸರ್ಟಿಫಿಕೇಟಿಲ್ಲ, ಇನ್ನೊಂದು ವರ್ಷ ಅದೇ ಗುರುಗಳ ಕೈಯಲ್ಲಿ ಸಿಕ್ಕಿಬೀಳಬೇಕು.

೧. ವಯಸ್ಸು

ಗೋಕಾಕದ ಒಂದು ಸಾಲೆಯ ರಜಿಸ್ಟರಿನಲ್ಲಿ ಇಡೀ ತರಗತಿ ಜೂನ್ ಒಂದರಂದೇ ಹುಟ್ಟಿತ್ತು. ಪಾಪ, ಆ ದಿನ ಸೂಲಗಿತ್ತಿ ಎಷ್ಟು ಓಡಾಡಿದ್ದಳೋ! ಹೆಡ್ ಮಾಸ್ತರರನ್ನು ಕೇಳಿದೆ.

“ಹುಟ್ಟಿದ ದಿನ ತಾಯಿ-ತಂದಿಗೇ ಗೊತ್ತಿರಂಗಿಲ್ರಿ. ಸಾಲಿ ಸುರು ಆಗೂ ದಿನಾನ ಬರೀತೀವಿ.”

“ವರ್ಷ?”

“ಅದನ್ನ ಮಾತ್ರ ಪರೀಕ್ಷಾ ಮಾಡ್ತೀವ್ರಿ. ಬಲಗೈ ತಲಿ ಮ್ಯಾಲಿಂದ ತಂದು ಎಡಗಿವಿ ಹಿಡೀಬೇಕು. ಸಿಕ್ಕರ ಆರು ವರ್ಷ.”

ಎರಡು ದಿನ ಕೂತು ನಾನು ತೆಗೆದದ್ದು ವಯಸ್ಸಿನ ಲೆಕ್ಕವಲ್ಲ, ತೋಳಿನದು! ಕೋಪ ತಡೆದುಕೊಂಡು, ಸಿಗದಿದ್ದರೆ ವಾಪಸು ಕಳಿಸುತ್ತೀರೇನು ಎಂದೆ.

“ಕಳಸ್ತೀವ್ರಿ. ಗೌಡ್ರ ಮಗಗ ಮಾತ್ರ, ನಾವ ಕಿವಿ ಸ್ವಲ್ಪ ಮ್ಯಾಲೆ ಜಗ್ಗಿ ಕೊಟ್ಟೀವಿ.”

೨. ಹಾಜರಿ

ಮೂಡಲಗಿಯ ಕಡೆಯ ಒಂದು ಸಾಲೆಯಲ್ಲಿ ಹಾಜರಿ ಪುಸ್ತಕದ ತುಂಬ ಹುಡುಗರು, ಕೋಣೆಯಲ್ಲಿ ಏಳೇ ಜನ. ಉಳಿದವರೆಲ್ಲಿ ಎಂದರೆ ಮಾಸ್ತರರು ನನ್ನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. ಬಾಜೂ ಹೊಲದಲ್ಲಿ ಹುಡುಗರ ದಂಡು ಸೇಂಗಾ ಕೀಳುತ್ತಿತ್ತು.

“ಮತ್ತೆ ಹಾಜರಿ ಹಾಕಿದ್ದೀರಲ್ಲ?”

“ಕಣ್ಣಿಗೆ ಕಾಣೂ ಹುಡುಗನ್ನ ಗೈರಹಾಜರ ಅಂತ ಹೆಂಗ ಬರೀಲ್ರಿ? ನಾ ಸುಳ್ಳು ಬರಿಯಾಂವ ಅಲ್ಲ.”

ನನ್ನ ಮುಖದ ಮೇಲೆ ಇನ್ನೂ ಅನುಮಾನ ಕಂಡಿರಬೇಕು. ಅವರು ಕಿಟಕಿಯಲ್ಲಿ ತಲೆ ಹಾಕಿ ಒಂದೊಂದೇ ಹೆಸರು ಕೂಗಿದರು. ಹೊಲದಿಂದ ಒಬ್ಬನೂ ತಪ್ಪದೆ “ಹಾಜರ್ ರೀ!” ಎಂದರು.

೩. ಮನೆ

ಎರಡು ಅಂಶ ಹೀಗೆ ಮಣ್ಣುಪಾಲಾದವು. ಗುರುಗಳಿಗೆ ಕಾಗದ ಬರೆದೆ. ಒಂದು ಸಂಗತಿ ಬಿಟ್ಟು ಉಳಿದೆಲ್ಲ ಒಂದೇ ಆಗಿರುವ ಇಬ್ಬರನ್ನು ಹುಡುಕಿರಿ ಎಂದು ಉತ್ತರ ಬಂತು. ಅಂಥವರನ್ನು ನಾನೇ ಹೆತ್ತು ತರಬೇಕಾಗಿತ್ತೋ ಏನೋ!

ಆದರೆ ಹುಕ್ಕೇರಿಯಲ್ಲಿ ಸಿಕ್ಕರು. ಅವಳಿ ಅಣ್ಣತಮ್ಮಂದಿರು, ತದ್ರೂಪ. ದೊಡ್ಡವ ಪಾಸು, ಸಣ್ಣವ ನಪಾಸು. ಅಲ್ಲಿಯ ಹೆಡ್ ಮಾಸ್ತರರು ಹೆಮ್ಮೆಯಿಂದ ಹೇಳಿದರು: “ಒಬ್ಬರದೊಬ್ಬರು ನೋಡಿ ಬರೀಬಾರದಂತ ದೊಡ್ಡಾವನ್ನ ಮುಂಜಾನೆ, ಸಣ್ಣಾವನ್ನ ಮಧ್ಯಾಹ್ನ, ಲೆಕ್ಕ ಬ್ಯಾರೆ ಕೊಟ್ಟು ಕುಂದ್ರಿಸಿದ್ನಿರಿ.”

ಮನೆಗೆ ಓಡಿದೆ. ತಾಯಿ ರೊಟ್ಟಿ ಬಡಿಯುತ್ತಿದ್ದಳು. ಇಬ್ಬರೂ ಉಣ್ಣುವುದು ಒಂದೇ ಏನವ್ವ? ಒಂದೇ. ಮಲಗುವುದು? ಒಂದೇ ಕಂಬಳಿಯಲ್ಲಿ. ಜಡ್ಡು? ಬಂದರೆ ಇಬ್ಬರಿಗೂ. ಗಂಟೆಗಟ್ಟಲೆ ಕೇಳಿದರೂ ಒಂದು ವ್ಯತ್ಯಾಸ ಸಿಗಲಿಲ್ಲ. ನನಗೆ ಅಳುವೇ ಬಂತು.

“ಎಲ್ಲಾ ಒಂದ ಆದರ ಒಬ್ಬಾಂವ ಯಾಕ ನಪಾಸಾದ, ಯವ್ವಾ? ಇದು ತಿಳೀದಿದ್ರ ನಾನೂ ನಪಾಸ ಆಗ್ತೇನಿ!”

ನನ್ನ ಅವಸ್ಥೆ ನೋಡಿ ಅವಳಿಗೆ ಕನಿಕರ ಹುಟ್ಟಿತು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

“ಸಾಲಿ ಮಾಸ್ತರಗ ಹೇಳಬ್ಯಾಡ್ರಿ. ಸಣ್ಣಾಂವ ಎಮ್ಮಿ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ. ಎರಡೂ ಹೊತ್ತು ದೊಡ್ಡಾಂವನ ಹೋಗಿ ಪರೀಕ್ಷಾ ಬರದಾನ. ಮಧ್ಯಾಹ್ನ ಉಂಡ ಮ್ಯಾಲೆ ಅಂವಗ ನಿದ್ದಿ ಬರತೈತ್ರಿ.”

ಅವಳ ಗುಟ್ಟು ಬಿಟ್ಟುಕೊಡದೆ, ಪಾಸಾಗುವುದಕ್ಕೆ ಮುಖ್ಯ ಕಾರಣ ಊಟಕ್ಕೆ ಮುಂಚೆ ಪರೀಕ್ಷೆ ಬರೆಯುವುದು ಎಂದು ಪ್ರಬಂಧ ಮುಗಿಸಿದೆ. ಗುರುಗಳು ಎರಡು ಸಲ ಓದಿದರು. ಪೆನ್ನು ಎತ್ತಿಕೊಂಡು, ಸಹಿ ಹಾಕುವ ಮೊದಲು ನನ್ನನ್ನೇ ದಿಟ್ಟಿಸಿದರು.

“ಈ ಇಬ್ಬರು ಹುಡುಗರು ಬಾಕಿ ಎಲ್ಲಾದರಾಗೂ ಖರೇನ ಇಷ್ಟು ಒಂದ ಥರಾ ಇದ್ದರೇನ್ರಿ?”

“ಏನ ಹೇಳ್ಲಿರಿ ಸರ್,” ಎಂದೆ, “ಇಬ್ಬರೂ ಒಬ್ಬನ ಅನ್ನಬೇಕು!”